ರಬ್ಬರ್ ಬೂಟಿನೊಳಗಿನ ಕಾಲುಂಗುರ

ಅವಳು ತೀರಿಕೊಂಡಳೆಂದು ಅವಳ ಮಗಳ ಕಾಗದ ಬಂದಾಗ ನನಗೆ ಮೊದಲು ಏನನ್ನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಇದರಲ್ಲೂ ನನಗಿಂತ ಮುಂಚೆ ಹೋದಳಲ್ಲ, ಅನ್ನಿಸಿತು. ಅಳು ಬಂದದ್ದು ಆಮೇಲೆ, ಒಲೆಯ ಮೇಲಿದ್ದ ಹಾಲು ಉಕ್ಕಿ, ಸೀದ ವಾಸನೆ ಹೊಡೆದು, ನಾನು ಎದ್ದು ಹೋಗಿ ಅದನ್ನು ಇಳಿಸಿದ ಮೇಲೆ.

ಹೆಸರು ಬರೆಯುವುದಿಲ್ಲ. ಜಾವಗಲ್ಲಿನಲ್ಲಿ ಅವಳ ಅತ್ತೆಯ ಮನೆಯ ಕಡೆಯವರು ಇನ್ನೂ ಇದ್ದಾರೆ. ಹಳೇಬೀಡಿನಲ್ಲಿ ಅವಳ ತವರಿನವರಿದ್ದಾರೆ. ನನಗಂತೂ ಅವಳ ಹೆಸರು ಬಾಯಿಗೆ ಬರುವುದೇ ಕಡಿಮೆ. ಅವಳು ಎಂದರೆ ಸಾಕು, ನನ್ನ ಮನಸ್ಸಿಗೆ ಬೇರೆ ಯಾರೂ ಬರುವುದಿಲ್ಲ.

ಐವತ್ತರ ದಶಕದ ನಡುವೆ ಅರಸೀಕೆರೆಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದೆವು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದು ಜೊತೆಯಲ್ಲೇ ಇದ್ದೆವು. ನಾನು ಭೂಗೋಳ ಮತ್ತು ಗಣಿತ ಹೇಳುತ್ತಿದ್ದೆ. ಅವಳು ಕನ್ನಡ ಹೇಳಿ, ಹೊಲಿಗೆ ಕಲಿಸುತ್ತಿದ್ದಳು. ಟ್ರೇನಿಂಗಿನಲ್ಲಿ ನನ್ನ ನಂಬರು ಅವಳಿಗಿಂತ ಎಷ್ಟೋ ಮೇಲಿತ್ತು. ಇದನ್ನು ಇಷ್ಟು ವರ್ಷದ ಮೇಲೂ ಹೇಳಿಕೊಳ್ಳುತ್ತಿದ್ದೇನೆ ಎಂದರೆ ನಾನು ಎಂಥವಳೆಂದು ನಿಮಗೆ ತಿಳಿದಿರಬೇಕು.

ಮಕ್ಕಳಿಗೆ ಅವಳನ್ನು ಕಂಡರೆ ಪ್ರಾಣ. ಗೇಟಿನ ಹತ್ತಿರವೇ ಕಾದಿದ್ದು ಅವಳ ಚೀಲ ಕಸಿದುಕೊಂಡು ಹೋಗುತ್ತಿದ್ದವು. ನನ್ನನ್ನು ಕಂಡರೆ ನಮಸ್ಕಾರ ಮಾಡಿ ಗೋಡೆಗೆ ಸರಿದು ನಿಲ್ಲುತ್ತಿದ್ದವು. ಹಾಗೆ ನೋಡಿದರೆ ಅವಳು ನನಗಿಂತ ಜೋರಾಗಿ ಬೈಯುತ್ತಿದ್ದಳು. ಹೊಲಿಗೆ ತಪ್ಪಿದರೆ ಪೂರ್ತಿ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಬೈದ ಮೇಲೆ ಆ ಹುಡುಗಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು, “ಈಗ ಹೇಳು, ಎಲ್ಲಿ ತಪ್ಪಿದೆ, ನನಗೂ ಗೊತ್ತಾಗ್ತಿಲ್ಲ” ಎನ್ನುತ್ತಿದ್ದಳು. ಗೊತ್ತಾಗುತ್ತಿಲ್ಲ ಎಂದು ಮಕ್ಕಳ ಮುಂದೆ ಒಪ್ಪಿಕೊಳ್ಳುವ ಮೇಡಂ ಇನ್ನೊಬ್ಬರಿರಲಿಲ್ಲ. ಕೇಳುವುದೆಂದರೆ ಅವಳಿಗೆ ಒಂದು ಚೂರೂ ಸಂಕೋಚವಿಲ್ಲ. ಉಪ್ಪು ಎಷ್ಟು ಹಾಕಲಿ, ಈ ಸೀರೆಗೆ ಯಾವ ಕುಪ್ಪಸ, ಹೆಡ್ ಮೇಡಂಗೆ ಹೀಗೆ ಹೇಳಿದರೆ ಕೋಪ ಬರುತ್ತಾ, ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದಳು. “ಅಷ್ಟೂ ಗೊತ್ತಾಗಲ್ವೇನೇ ನಿಂಗೆ?” ಎಂದು ನಾನು ಗೊಣಗುತ್ತಿದ್ದೆ. ಗೊಣಗಿದರೂ ಒಳಗೊಳಗೆ ಹಿಗ್ಗುತ್ತಿದ್ದೆ.

ಚಪ್ಪಲಿ, ಬೂಟು ಎಂದರೆ ಅವಳಿಗೆ ವಿಚಿತ್ರವಾದ ಮೋಹ. ಹಳೇಬೀಡಿನಲ್ಲಿ ಅವರ ಮನೆ ದೇವಸ್ಥಾನದಿಂದ ಕೂಗಳತೆಯಲ್ಲಿತ್ತು. ಚಿಕ್ಕವಳಿದ್ದಾಗ ಶಿಲ್ಪ ನೋಡಲು ಬಂದವರು ಹೊರಗೆ ಬಿಟ್ಟ ಪಾದರಕ್ಷೆಗಳ ಹತ್ತಿರ ಕೂತು ಕಾಲ ಕಳೆಯುತ್ತಿದ್ದಳಂತೆ. ಬೆಳಗಾದರೆ ಕಾಣುವ ಶಿಲಾಬಾಲಿಕೆಯರನ್ನು ತಿರುಗಿಯೂ ನೋಡುತ್ತಿರಲಿಲ್ಲವಂತೆ. ಒಮ್ಮೆ ಯಾರೋ ಬಿಳಿಯರ ಬೂಟಿನೊಳಗೆ ಕಾಲು ತೂರಿಸಿ ನಾಲ್ಕು ಹೆಜ್ಜೆ ನಡೆದು, ಬೂಟಿನ ಸಮೇತ ಬಿದ್ದು, ಅವಳ ಅಪ್ಪ ಬಂದು ಕಿವಿ ಹಿಂಡಿ ಎಳೆದುಕೊಂಡು ಹೋದರಂತೆ. “ಒಳಗೆ ಎಷ್ಟು ಬೆಚ್ಚಗಿತ್ತು ಗೊತ್ತಾ?” ಎಂದು ಹೇಳಿ ಹೇಳಿ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅಂಥದ್ದು ನಡೆದಿದ್ದರೆ ನನಗೆ ಸ್ನಾನ ಮಾಡಿಸಿ, ಆಮೇಲೆ ಒಳಗೆ ಬಿಡುತ್ತಿದ್ದರು.

ನಮ್ಮಪ್ಪ ಹಾರನಹಳ್ಳಿಯಲ್ಲಿ ದೇವಸ್ಥಾನದ ಪೂಜೆಯವರು. ಸುತ್ತಲ ಊರಿನವರಿಗೆ ಪಂಚಾಂಗ ನೋಡಿ ಹೇಳುವವರೂ ಅವರೇ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಊರಿಗೆ ಹೊರಟರೆ ಅವಳೂ ಎಷ್ಟೋ ಸಲ ಜೊತೆಗೆ ಬರುತ್ತಿದ್ದಳು. ತಾಯಿಯಿಲ್ಲದ ಮನೆ ನಮ್ಮದು. ಅಪ್ಪನದು ಮಾತು ಕಡಿಮೆ. ನನ್ನ ಜೊತೆ ‘ಊಟ ಆಯ್ತಾ’, ‘ಬಸ್ಸಿಗೆ ಹೊತ್ತಾಯ್ತು’ ಇಷ್ಟೇ. ಅವಳು ಜಗಲಿಯಲ್ಲಿ ಕೂತು, “ಅಪ್ಪಯ್ಯ, ರಾಹುಕಾಲದಲ್ಲಿ ಹುಟ್ಟಿದ ಮಗುಗೆ ಏನಾಗುತ್ತೆ? ರಾಹು ಅದನ್ನ ಏನ್ ಮಾಡ್ತಾನೆ?” ಎಂದು ಶುರು ಮಾಡಿದರೆ ಅವರು ಗಂಟೆಗಟ್ಟಲೆ ಮಾತಾಡುತ್ತಿದ್ದರು, ನಗುತ್ತಿದ್ದರು ಕೂಡ. ನಮ್ಮಪ್ಪನಿಗೆ ನಗಲು ಬರುತ್ತದೆಂದು ನನಗೆ ಗೊತ್ತಾದದ್ದು ಅವಳಿಂದ. ಅವಳು ಬಾರದ ಶನಿವಾರ ಅವರು ಬಾಗಿಲಲ್ಲೇ ನಿಂತು, “ಆ ಮಗು ಬರಲಿಲ್ವಾ?” ಎಂದು ಕೇಳುತ್ತಿದ್ದರು. ನಾನು ಕೊಡೆ ಮೂಲೆಗಿಟ್ಟು ಒಳಗೆ ಹೋಗಿಬಿಡುತ್ತಿದ್ದೆ.

ಅವಳಿಗೆ ಜಾವಗಲ್ಲಿನ ಗಂಡು ಗೊತ್ತಾಯಿತು. ಡಾಕ್ಟರು. ಮದುವೆಯಾಗಿ ಆರು ತಿಂಗಳಿಗೆ ಅವರಿಗೆ ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರಿನ ಹತ್ತಿರದ ಒಂದೂರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವರು ಮುಂದೆ ಹೋದರು. ಇವಳು ವರ್ಷದ ಮೇಲೆ ಹೊರಡುವುದೆಂದಾಯಿತು.

ನನಗಾದ ಸಂಕಟ ಹೇಗೆ ಹೇಳಲಿ? ಐದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಇಂಗ್ಲೆಂಡಿನ ನಕ್ಷೆ ಬರೆದು ಬರೆದು ಬೋರ್ಡು ಸವೆಸಿದವಳು ನಾನು. ಮ್ಯಾಂಚೆಸ್ಟರಿನಲ್ಲಿ ಹತ್ತಿ ಗಿರಣಿಗಳು ಯಾಕಿವೆ, ಪಶ್ಚಿಮದ ಗಾಳಿ ಎಲ್ಲಿಂದ ಬೀಸುತ್ತದೆ, ಯಾವ ನದಿ ಯಾವ ಸಮುದ್ರಕ್ಕೆ ಸೇರುತ್ತದೆ ಎಲ್ಲವೂ ನನಗೆ ಬಾಯಿಪಾಠ. ಅವಳು ಒಂದು ಸಲ ನನ್ನ ಗ್ಲೋಬು ತಿರುಗಿಸಿ, “ಇಂಗ್ಲೆಂಡ್ ಇದರೊಳಗೆ ಎಲ್ಲಿದೆ ಕಣೇ?” ಎಂದು ಕೇಳಿದವಳು. ಭೂಗೋಳ ಹೇಳುತ್ತಿದ್ದವಳು ನಾನು, ಹಡಗು ಹತ್ತಿದವಳು ಅವಳು. ನಾನು ಅಲ್ಲಿಯವರೆಗೆ ಸಮುದ್ರವನ್ನೇ ಕಂಡಿರಲಿಲ್ಲ.

ಹೊರಡುವ ಮುಂಚೆ ಕಾಲಿಗೆ ಏನು ಕೊಳ್ಳುವುದೆಂಬ ಪ್ರಶ್ನೆ ಬಂತು. ಬಂದದ್ದು ನನ್ನ ಹತ್ತಿರಕ್ಕೇ.

“ಅಲ್ಲಿ ಮಳೆ ಹೇಗೆ? ನೀನು ಮಕ್ಕಳಿಗೆ ಹೇಳ್ಕೊಡ್ತೀಯಲ್ಲ.”

“ಸಕಲೇಶಪುರದ ಮಳೆ ಮುಂದೆ ಅದೇನೂ ಅಲ್ಲ” ಎಂದೆ.

ಸುಳ್ಳಲ್ಲ. ಲೆಕ್ಕಕ್ಕೆ ಹಿಡಿದರೆ ಅಲ್ಲಿಯ ಮಳೆ ಮಲೆನಾಡಿನ ಮುಂದೆ ಏನೂ ಅಲ್ಲ. ಆದರೆ ಅದೇ ಪಾಠದ ಅದೇ ಸಾಲಿನಲ್ಲಿ ಇನ್ನೊಂದು ಮಾತಿತ್ತು. ಆ ಮಳೆ ವರ್ಷವಿಡೀ ಬೀಳುತ್ತದೆ, ಬಿಡುವುದೇ ಇಲ್ಲ ಎಂದು. ಅದನ್ನು ನಾನು ಹೇಳಲಿಲ್ಲ. ಕೇಳಿದಷ್ಟಕ್ಕೆ ಹೇಳಿದೆ ಎಂದು ಸಮಾಧಾನ ಮಾಡಿಕೊಂಡೆ.

ಸಂತೆ ಬೀದಿಯಲ್ಲಿ ಚಪ್ಪಲಿ ಮಾಡಿಕೊಡುವ ಮುದುಕನೊಬ್ಬನಿದ್ದ. ಅವನ ಹತ್ತಿರ ಹೋದೆವು. ಅವಳು ಒದ್ದೆ ಕಾಲನ್ನು ಹಳೆಯ ಪೇಪರಿನ ಮೇಲೆ ಇಟ್ಟು ಗುರುತು ಕೊಟ್ಟಳು.

“ಯಾವೂರಿಗವ್ವಾ?” ಎಂದ ಮುದುಕ.

“ಇಂಗ್ಲೆಂಡಿಗೆ.”

“ಅಲ್ಲಿ ಕೆಸ್ರು ಐತಾ?”

ಅವಳು ನನ್ನ ಮುಖ ನೋಡಿದಳು. “ಅಲ್ಲೆಲ್ಲ ಟಾರು ರಸ್ತೆ” ಎಂದೆ ನಾನು. ಹಿಂದೆ ಪಟ್ಟಿ ಇರುವ, ಬೆರಳು ಕಾಣುವ ಒಳ್ಳೆ ತೊಗಲಿನ ಎರಡು ಜೊತೆ ಚಪ್ಪಲಿ ಮಾಡಿಕೊಟ್ಟ. ಅಂಥ ಚಪ್ಪಲಿ ತಾಲ್ಲೂಕಿನಲ್ಲಿ ಇನ್ನೊಬ್ಬರ ಕಾಲಲ್ಲಿ ಇರಲಿಲ್ಲ ಬಿಡಿ. ನಾನು ಅದನ್ನು ಕಂಡೂ ಹೊಟ್ಟೆ ಉರಿದುಕೊಂಡೆ.

ಹೊರಡುವ ವಾರ ಜಾವಗಲ್ಲಿನಲ್ಲಿ ಅವಳ ಅತ್ತೆ ಅಕ್ಕಸಾಲಿಯನ್ನು ಮನೆಗೇ ಕರೆಸಿದರು. ಬೀಳ್ಕೊಡಲೆಂದು ನಾನೂ ಹೋಗಿದ್ದೆ. ಆಕೆ ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಎರಡೂ ಕಾಲಿನ ಬೆಳ್ಳಿ ಕಾಲುಂಗುರಗಳನ್ನು ಅವನ ಕೈಯಲ್ಲಿ ಒತ್ತಿಸಿ ಬಿಗಿ ಮಾಡಿಸಿದರು. “ಅಲ್ಲಿ ಎಲ್ಲಾದರೂ ಕಳಚಿ ಬಿದ್ದರೆ ಯಾರು ಹುಡುಕಿಕೊಡ್ತಾರೆ? ನನ್ನ ಮಗನ ಆಯುಷ್ಯ ಇದು. ನೆನಪಿರಲಿ” ಎಂದರು. ಅವಳು ಹಲ್ಲು ಕಚ್ಚಿಕೊಂಡು ತಲೆಯಾಡಿಸಿದಳು.

ಆಮೇಲೆ ನೀಲಿ ಬಣ್ಣದ ವಿದೇಶದ ಕಾಗದಗಳು ಶುರುವಾದವು. ಒಂದು ಕಾಗದದಲ್ಲಿ ಇಡೀ ಸ್ಟಾಫ್ ರೂಮು ನಕ್ಕು ಸುಸ್ತಾಗುವಷ್ಟು ಬರೆಯುತ್ತಿದ್ದಳು. ಹೆಡ್ ಮೇಡಂ, “ಓದಿ, ಓದಿ” ಎನ್ನುತ್ತಿದ್ದರು. ನಾನು ಓದುತ್ತಿದ್ದೆ. ಅವಳು ಹೋದ ಮೇಲೂ ಸ್ಟಾಫ್ ರೂಮು ನಗುತ್ತಿದ್ದದ್ದು ಅವಳ ಮಾತಿಗೇ.

ಮೊದಲ ಮಳೆಯ ಕಥೆ ನನಗಿನ್ನೂ ನೆನಪಿದೆ. ನಮ್ಮ ಕಡೆ ಮಳೆ ಬಂದರೆ ಮೊದಲು ಮಾಡುವ ಕೆಲಸ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುವುದು. ಕಾಲು ತೊಳೆದರೆ ಆಯಿತು, ತೊಗಲು ನೆಂದರೆ ಹೋಯಿತು. ಅವಳು ಅಲ್ಲಿಯೂ ಬಸ್ಸಿಳಿದವಳೇ ಚಪ್ಪಲಿ ಕಳಚಿ, ಸೆರಗಿನಲ್ಲಿ ಸುತ್ತಿ, ಸೀರೆ ಎತ್ತಿ ಹಿಡಿದು ಬರಿಗಾಲಲ್ಲಿ ಮನೆಯವರೆಗೂ ನಡೆದಳಂತೆ. ಅಕ್ಟೋಬರ್ ತಿಂಗಳು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರಂತೆ. ಮನೆ ಬಾಡಿಗೆಗೆ ಕೊಟ್ಟ ಮುದುಕಿ, ಪಾಪ, ಈ ಹುಡುಗಿಗೆ ಹಾಕಿಕೊಳ್ಳಲು ಏನೂ ಇಲ್ಲ ಎಂದುಕೊಂಡು ತನ್ನ ಹಳೆಯ ರಬ್ಬರ್ ಬೂಟು ತಂದುಕೊಟ್ಟಳಂತೆ. ಮೊಣಕಾಲಿನವರೆಗೆ ಬರುವ ಕರಿ ಬೂಟು. ‘ನನ್ನ ಸೆರಗಿನಲ್ಲಿ ಒಳ್ಳೆ ಚಪ್ಪಲಿ ಇದೆ ಅಂತ ತೋರಿಸಿದೆ ಕಣೇ. ಆಗ ಅವಳಿಗೆ ನನ್ನ ತಲೆ ಸರಿಯಿಲ್ಲ ಅಂತ ಖಾತ್ರಿಯಾಯ್ತು’ ಎಂದು ಬರೆದಿದ್ದಳು.

ಆ ಬೂಟು ಅವಳಿಗೆ ಆಗಲಿಲ್ಲ. ಕಾಲುಂಗುರದ ಬೆರಳು ಒಳಗೆ ತೂರಲಿಲ್ಲ. ಹೀಗೆ ಅವಳು ಬೂಟು ಹುಡುಕುವುದು ಶುರುವಾಯಿತು. ಅಂಗಡಿಯ ಹುಡುಗಿ ಮಂಡಿಯೂರಿ ಕೂತು ಅಳತೆ ತೆಗೆಯುವಾಗ, “ಈ ಬೆಳ್ಳಿ ತೆಗೀರಿ” ಎಂದಳಂತೆ. ಇವಳು, “ಇದು ತೆಗೆಯೋದಲ್ಲ” ಎಂದಳಂತೆ. ತೊಗಲಿನ ಷೂ ತಂದಳು, ಎರಡು ದಿನದ ಮಳೆಗೆ ಬಾಯಿ ಬಿಟ್ಟಿತು. ಕ್ಯಾನ್ವಾಸಿನದು ತಂದಳು, ನೀರು ಕುಡಿದು ಒಣಗಲೇ ಇಲ್ಲ. ಆ ಊರಿನ ಮಳೆಗೆ ರಬ್ಬರ್ ಬೂಟೊಂದೇ ಸರಿ, ಅದರೊಳಗೆ ಉಣ್ಣೆಯ ಕಾಲುಚೀಲ ಎಂದು ಕಡೆಗೆ ಗೊತ್ತಾಯಿತು. ಅವಳ ಅಳತೆಯದು ಹಾಕಿದರೆ ಕಾಲುಂಗುರ ಬೆರಳನ್ನು ಕಚ್ಚುತ್ತದೆ. ದೊಡ್ಡ ಅಳತೆಯದು ಹಾಕಿದರೆ ಹಿಮ್ಮಡಿ ಜಾರುತ್ತದೆ.

ನಾನು ಇದನ್ನೆಲ್ಲ ಓದಿ ನಕ್ಕೆ. ನಿಜ ಹೇಳಬೇಕೆಂದರೆ ಖುಷಿಪಟ್ಟೆ. ಅಷ್ಟು ದೂರ ಹೋಗಿ ಕಾಲಿಗೆ ಒಂದು ಬೂಟು ಸಿಗದೆ ಒದ್ದಾಡುತ್ತಿದ್ದಾಳಲ್ಲ ಎಂದು ಅವತ್ತು ಊಟ ಚೆನ್ನಾಗಿ ಸೇರಿತು.

ಆಮೇಲೆ ಬಂತು ಆ ಕಾಗದ. ಅದನ್ನು ನಾನು ಸ್ಟಾಫ್ ರೂಮಿನಲ್ಲಿ ಓದಲಿಲ್ಲ.

ಅವಳಿಗೆ ಅಲ್ಲಿ ಚಿಕ್ಕ ಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಪಾಠ ಹೇಳುವುದಲ್ಲ, ಮಕ್ಕಳಿಗೆ ಕೋಟು ಬೂಟು ತೊಡಿಸುವುದು, ಬಿಚ್ಚುವುದು, ಊಟಕ್ಕೆ ಕೂರಿಸುವುದು. ‘ಮತ್ತೆ ಸ್ಕೂಲಿನ ಗಂಟೆ ಕೇಳ್ತಿದೀನಿ ಕಣೇ. ಇಷ್ಟು ದಿನ ಮನೆ ಒಳಗೆ ಕೂತು ಗೋಡೆ ಜೊತೆ ಮಾತಾಡ್ತಿದ್ದೆ. ಈ ಕೆಲಸ ಹೋದರೆ ನನಗೆ ಹುಚ್ಚು ಹಿಡಿಯುತ್ತೆ’ ಎಂದು ಬರೆದಿದ್ದಳು. ಆದರೆ ಶಾಲೆ ಇದ್ದದ್ದು ಬೆಟ್ಟದ ಮೇಲೆ. ಬಸ್ಸಿಲ್ಲ. ದಿನಾ ಮಳೆಯಲ್ಲಿ ಅರ್ಧ ಗಂಟೆ ಹತ್ತಬೇಕು, ಅರ್ಧ ಗಂಟೆ ಇಳಿಯಬೇಕು. ಚಳಿಗೆ ಕಾಲ್ಬೆರಳು ಕೆಂಪಾಗಿ ಊದಿಕೊಳ್ಳುತ್ತಿದ್ದವು. ಬಿಗಿ ಮಾಡಿಸಿದ ಕಾಲುಂಗುರ ಊದಿದ ಬೆರಳಲ್ಲಿ ಹೂತುಹೋಗುತ್ತಿತ್ತು.

‘ಇವರು, ತೆಗೆದುಹಾಕು, ಇಲ್ಲಿ ಯಾರು ನೋಡ್ತಾರೆ ಅಂತಾರೆ. ಯಾರು ನೋಡ್ತಾರೆ ಅನ್ನೋದಲ್ಲ ನನ್ನ ಭಯ. ಇವರಿಗೆ ಒಂದು ದಿನ ತಲೆನೋವು ಬಂದರೂ ನಾನು ತೆಗೆದದ್ದಕ್ಕೇ ಬಂತು ಅಂತ ಅನ್ನಿಸಿದರೆ ನಾನು ಹೇಗೆ ಬದುಕಲಿ? ಅಮ್ಮನಿಗೆ ಬರೆದರೆ ಅಳ್ತಾಳೆ, ಅತ್ತೆಗೆ ಬರೆಯೋ ಹಾಗೇ ಇಲ್ಲ. ಅಪ್ಪಯ್ಯನ್ನ ಒಂದು ಮಾತು ಕೇಳಿ ಬರಿ. ಅವರು ತೆಗಿ ಅಂದ್ರೆ ಇವತ್ತೇ ತೆಗೀತೀನಿ. ಬೇಡ ಅಂದ್ರೆ ಬೇಡ. ನೀನು ಏನು ಬರೀತೀಯೋ ಹಾಗೆ ಮಾಡ್ತೀನಿ.’

ಭಾನುವಾರ ಹಾರನಹಳ್ಳಿಯಲ್ಲಿ ಅಪ್ಪ ಪೂಜೆ ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದಾಗ ಕಾಗದ ಓದಿ ಹೇಳಿದೆ. ಅವರು ಪಂಚಾಂಗ ತೆಗೆಯಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ.

“ಅಲ್ಲಮ್ಮ, ಇದನ್ನ ಕೇಳಬೇಕಾ? ಮೊದಲು ಕಾಲು ಉಳೀಬೇಕಲ್ಲ. ತೆಗೆದು ದೇವರ ಮುಂದೆ ಇಡಲಿ. ದಿನಾ ಆ ಬೆರಳಿಗೆ ಒಂದು ಚೂರು ಅರಿಶಿನ ಹಚ್ಚಿಕೊಂಡು ಬೂಟು ಹಾಕ್ಕೊಂಡು ಹೋಗಲಿ. ಊರಿಗೆ ಬಂದಾಗ ಹಾಕ್ಕೊಂಡರಾಯ್ತು. ಗಂಡನ ಆಯುಷ್ಯಕ್ಕೆ ಏನೂ ಆಗಲ್ಲ, ನಾನು ಹೇಳಿದೆ ಅಂತ ಬರಿ.” ನಾನು ಕಾಗದ ಮಡಿಸುವಾಗ, “ಪಾಪ, ಆ ಮಗು. ಇವತ್ತೇ ಬರಿ” ಎಂದರು.

ಆ ಮಗು. ನಾನು ನಾಲ್ಕು ದಿನ ಜ್ವರದಲ್ಲಿ ಮಲಗಿದ್ದಾಗಲೂ ಅಪ್ಪ ನನ್ನನ್ನು ಮಗು ಎಂದಿರಲಿಲ್ಲ.

ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ, ಖಾಲಿ ಕ್ಲಾಸಿನಲ್ಲಿ ಕೂತು ಉತ್ತರ ಬರೆದೆ. ‘ಅಪ್ಪನನ್ನು ಕೇಳಿದೆ. ಕೂಡದು ಅಂದರು. ಮುತ್ತೈದೆಗೆ ಕಾಲುಂಗುರವೆಂದರೆ ಏನೆಂದು ನಿನಗೆ ತಿಳಿಯದ್ದಲ್ಲ. ಒಂದು ಬೂಟಿಗಾಗಿ ಬಿಡುವಂಥದ್ದಲ್ಲ ಅದು. ಸ್ವಲ್ಪ ಕಷ್ಟವಾದರೂ ತಡೆದುಕೊ. ಕೆಲಸಕ್ಕೆ ಹೋಗಲೇಬೇಕೆಂದು ಏನಿದೆ? ನಿನಗೇನು ಕಡಿಮೆಯಾಗಿದೆ?’ ಇನ್ನೂ ಒಂದು ಪುಟ ಹೀಗೇ ಇತ್ತು. ನನಗೆ ಮದುವೆಯಾಗಿರಲಿಲ್ಲ. ಮುಂದೆಯೂ ಆಗಲಿಲ್ಲ. ಕಾಲುಂಗುರವೇ ಇಲ್ಲದವಳು ಕಾಲುಂಗುರದ ಮಹಿಮೆಯನ್ನು ಒಂದೂವರೆ ಪುಟ ಬರೆದೆ. ಅಕ್ಷರಗಳು ಮಾತ್ರ ಮುತ್ತಿನ ಹಾಗೆ ಬಂದಿದ್ದವು.

ಅವಳಿಗೆ ಗಂಡ ಇದ್ದ, ಇಂಗ್ಲೆಂಡ್ ಇತ್ತು. ಉಳಿದದ್ದೊಂದು ಶಾಲೆ. ನನಗಿದ್ದದ್ದು ಅದೊಂದೇ. ಅದೂ ಅವಳಿಗೆ ಅಲ್ಲಿ ಸಿಗಬೇಕೆ ಎಂಬುದೇ ನನ್ನ ಉರಿ. ಇದು ನನಗೆ ಆಗಲೇ ಗೊತ್ತಿತ್ತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಸ್ಟೇಷನ್ನಿನ ಟಪಾಲು ಡಬ್ಬಿಗೆ ಕಾಗದ ಹಾಕಿ ಬಂದು, ಅವತ್ತು ಮಧ್ಯಾಹ್ನ ಆರನೇ ಕ್ಲಾಸಿಗೆ ಮಾರುತಗಳ ಪಾಠ ಬಹಳ ಚೆನ್ನಾಗಿ ಹೇಳಿದೆ. ಅಪ್ಪ ಮುಂದಿನ ವಾರ, “ಬರೆದೆಯಾ?” ಎಂದರು. “ಬರೆದೆ” ಎಂದೆ.

ಅವಳ ಉತ್ತರ ಬಂತು. ಬೇಜಾರಿಲ್ಲ, ದೂರಿಲ್ಲ. ‘ಅಪ್ಪಯ್ಯ ಅಂದ ಮೇಲೆ ಆಯಿತು. ಗಂಡಸರ ಅಳತೆಯ ಬೂಟು ಕೊಂಡು, ಮುಂದೆ ಪೇಪರ್ ತುರುಕಿ ಹಾಕ್ಕೊಂಡಿದೀನಿ. ಬಾತುಕೋಳಿ ನಡೆದ ಹಾಗೆ ನಡೀತೀನಿ. ಮಕ್ಕಳು ನನ್ನ ಹಿಂದೆ ಸಾಲಾಗಿ ಹಾಗೇ ನಡೀತಾವೆ’ ಎಂದು ಬರೆದಿದ್ದಳು. ಸ್ಟಾಫ್ ರೂಮು ಮತ್ತೆ ನಕ್ಕಿತು.

ಆಮೇಲೆ ಎರಡು ತಿಂಗಳು ಕಾಗದವಿಲ್ಲ. ಮೂರನೇ ತಿಂಗಳು ನಾಲ್ಕು ಸಾಲು ಬಂತು. ‘ಇಳಿಜಾರಿನಲ್ಲಿ ಬೂಟು ಜಾರಿ ಬಿದ್ದೆ. ಬೆರಳಿಗೆ ಗಾಯವಾಗಿ ಕೀವಾಯಿತು. ಇವರೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಕಾಲುಂಗುರ ಕತ್ತರಿಸಿ ತೆಗೆಸಿದರು. ತಿಂಗಳು ಮಲಗಿದ್ದೆ. ಸ್ಕೂಲಿನವರು ಬೇರೆಯವರನ್ನ ಇಟ್ಕೊಂಡರು. ಅಪ್ಪಯ್ಯನಿಗೆ ಹೇಳಬೇಡ, ಅವರು ನೊಂದ್ಕೋತಾರೆ.’

ಈ ಕಾಗದವನ್ನು ಎಷ್ಟು ಸಲ ಓದಿದೆನೋ. ಕ್ಷಮಿಸು ಎಂದು ಬರೆಯಲು ಕೂತು ಎದ್ದೆ, ಕೂತು ಎದ್ದೆ. ಕಡೆಗೆ ಬರೆದದ್ದು, ‘ಗಾಯ ವಾಸಿಯಾಗಿದೆಯೆಂದು ನಂಬಿದ್ದೇನೆ. ಇಲ್ಲಿ ಪರೀಕ್ಷೆಗಳು ಹತ್ತಿರ ಬಂದಿವೆ.’ ಮರುವರ್ಷ ಅಪ್ಪ ಹೋಗಿಬಿಟ್ಟರು. ತಮ್ಮ ಮಾತು ಅವಳಿಗೆ ತಲುಪಿತೆಂದೇ ಅವರು ತಿಳಿದಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು ಕಳೆದ ಮೇಲೆ ಅವಳು ಮೊದಲ ಸಲ ಊರಿಗೆ ಬಂದಳು. ಎರಡು ವರ್ಷದ ಮಗಳೂ ಜೊತೆಗಿದ್ದಳು. ಜಾವಗಲ್ಲಿಗೆ ಬಾ ಎಂದು ಬರೆದಿದ್ದಳು, ಹೋದೆ. ನಾನು ಹೋಗಿ ಕೈಕಾಲು ತೊಳೆದು ನಡುಮನೆಗೆ ಬರುವ ಹೊತ್ತಿಗೆ ಅಲ್ಲಿ ಪಂಚಾಯ್ತಿ ಶುರುವಾಗಿತ್ತು. ಅವಳು ಬಂದಿಳಿದು ಆಗತಾನೆ ಒಂದು ಗಂಟೆಯಾಗಿತ್ತಂತೆ. ಕಾಲುಚೀಲ ತೆಗೆದು ಮಣೆಯ ಮೇಲೆ ಕೂತಿದ್ದಳು. ಬೆರಳು ಬೋಳಾಗಿತ್ತು. ಎಡಗಾಲಿನ ಎರಡನೇ ಬೆರಳಿನ ಸುತ್ತ ಬಿಳಿಯ ಕಲೆ. ನಾಲ್ಕಾರು ಜನ ಹೆಂಗಸರು ಸುತ್ತ ಕೂತಿದ್ದರು. ಅತ್ತೆ ನಿಂತೇ ಇದ್ದರು.

“ನನ್ನ ಮಗ ಗುಂಡುಕಲ್ಲಿನ ಹಾಗೆ ಇರುವಾಗ ಏನೇ ಇದು ಅವತಾರ? ಯಾರನ್ನ ಕೇಳಿ ತೆಗೆದೆ?”

ಡಾಕ್ಟರು ಇನ್ನೂ ಬಂದಿರಲಿಲ್ಲ, ಅವರು ಬರುವುದು ತಿಂಗಳ ಮೇಲೆ. ಅವಳು ತಲೆಯೆತ್ತಿದಾಗ ಕಂಡದ್ದು ಬಾಗಿಲಲ್ಲಿ ನಿಂತ ನಾನು.

“ಇವಳನ್ನ ಕೇಳಿಯೇ ತೆಗೆದದ್ದು ಅತ್ತೆ” ಎಂದಳು, ಚೂರೂ ತಡವರಿಸದೆ. “ಹಾರನಹಳ್ಳಿ ಅಪ್ಪಯ್ಯನ್ನ ಕೇಳಿ ಬರಿ ಅಂತ ಕಾಗದ ಹಾಕಿದ್ದೆ. ಅವರು ತೆಗೀಬಹುದು ಅಂದರಂತೆ. ಇವಳೇ ಬರೆದಳು.”

ಸುಳ್ಳು ಹೇಳುತ್ತಿದ್ದೇನೆಂದೇ ಅವಳು ತಿಳಿದಿದ್ದಳು. ನನ್ನ ಕಡೆ ನೋಡಿದ ನೋಟದಲ್ಲಿ, ಇದೊಂದು ಸಲ ಕಾಪಾಡು ಎಂಬ ಬೇಡಿಕೆ ಮಾತ್ರ ಇತ್ತು. ಬೇರೆ ಏನೂ ಇರಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು.

“ಹೌದೇನಮ್ಮಾ? ನಿಮ್ಮಪ್ಪ ಹಾಗಂದರಾ?” ಎಂದರು ಅತ್ತೆ. ನಮ್ಮಪ್ಪನ ಮೇಲೆ ಆಕೆಗೆ ಬಹಳ ಗೌರವ.

ಹೌದು ಎಂದು ಒಂದು ಮಾತು ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಅವಳ ಕೆಲಸ ಆಗುತ್ತಿತ್ತು, ನನ್ನ ಗುಟ್ಟೂ ಉಳಿಯುತ್ತಿತ್ತು. ಆದರೆ ಆ ಕಲೆಯನ್ನು ನೋಡುತ್ತ ನಿಂತವಳಿಗೆ ಬಾಯಿಗೆ ಬಂದದ್ದು ಅಪ್ಪನ ಮಾತೇ. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದು, ಒಂದಕ್ಷರ ಬಿಡದೆ ಬಂತು.

“ಹೌದು. ‘ಮೊದಲು ಕಾಲು ಉಳೀಬೇಕಲ್ಲ’ ಅಂದರು. ‘ತೆಗೆದು ದೇವರ ಮುಂದೆ ಇಡಲಿ, ದಿನಾ ಆ ಬೆರಳಿಗೆ ಒಂದು ಚೂರು ಅರಿಶಿನ ಹಚ್ಚಿಕೊಂಡು ಬೂಟು ಹಾಕ್ಕೊಂಡು ಹೋಗಲಿ. ಗಂಡನ ಆಯುಷ್ಯಕ್ಕೆ ಏನೂ ಆಗಲ್ಲ, ನಾನು ಹೇಳಿದೆ ಅಂತ ಬರಿ’ ಅಂದರು.”

ಅತ್ತೆಯ ಸಿಟ್ಟು ಇಳಿಯಿತು. “ಅವರೇ ಹಾಗಂದಿದ್ದರೆ ಮುಗೀತು. ಅಂಥವರ ಬಾಯಲ್ಲಿ ಬಂದದ್ದು” ಎಂದು ಕೂತರು. ನಾಳೆ ಅಕ್ಕಸಾಲಿಗೆ ಹೇಳಿಕಳಿಸಿ, ಹೊಸದು ಸಡಿಲವಾಗಿ ಮಾಡಿಸೋಣ ಎಂದರು. ಹೆಂಗಸರು ಕಾಫಿಗೆ ಎದ್ದರು.

ಅವಳು ಏಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಅರಿಶಿನದ ಮಾತು ನಾನು ಕಟ್ಟಿದ್ದಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ನಮ್ಮಪ್ಪ ಹೇಗೆ ಮಾತಾಡುತ್ತಿದ್ದರೆಂದು ನನಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತಲ್ಲ.

ಸಂಜೆ ಬಸ್ಸಿಗೆ ಬಿಡಲು ಬಂದಳು. ಮಗಳು ಅವಳ ಸೊಂಟದ ಮೇಲೆ ನಿದ್ದೆ ಹೋಗಿದ್ದಳು. ಅರಸೀಕೆರೆ ಬಸ್ಸು ತಿರುವಿನಲ್ಲಿ ಕಂಡಾಗ ಕೇಳಿದಳು.

“ಅಪ್ಪಯ್ಯ ನಿಜವಾಗಿ ಹಾಗಂದರಾ?”

“ಹೂಂ.”

“ಯಾವಾಗ?”

“ನೀನು ಕೇಳಿದಾಗಲೇ.”

ಯಾಕೆ ಎಂದು ಕೇಳುತ್ತಾಳೆಂದು ಕಾದೆ. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಹೊಟ್ಟೆಕಿಚ್ಚು ಕಣೇ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಕೇಳಲಿಲ್ಲ. ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು, ನನ್ನ ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟಳು. “ಹುಷಾರಾಗಿ ಹೋಗು” ಎಂದಳು. ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದಳು.

ಆಮೇಲೆ ಕಾಗದ ನಿಲ್ಲಿಸಿದಳೆಂದು ನೀವು ತಿಳಿಯಬಹುದು. ನಿಲ್ಲಿಸಲಿಲ್ಲ. ಮೂವತ್ತು ವರ್ಷ ಬರೆದಳು. ಬೇರೆ ಮನೆಗೆ ಹೋದದ್ದು, ಮತ್ತೆ ಶಾಲೆಯಲ್ಲಿ ಕೆಲಸ ಸಿಕ್ಕಿದ್ದು, ಅಳತೆಗೆ ಸರಿಯಾದ ಬೂಟು ಕೊಂಡದ್ದು, ಮಗಳ ಮದುವೆ, ಗಂಡ ಹೋದದ್ದು, ಎಲ್ಲ ಬರೆದಳು. ಮೊದಲಿನ ಹಾಗೇ ನಗಿಸುತ್ತಿದ್ದಳು. ಸುದ್ದಿ ಬಂದ ಮೇಲೆ ಆ ಕಾಗದಗಳನ್ನೆಲ್ಲ ತೆಗೆದು ಮೂರು ದಿನ ಕೂತು ಓದಿದೆ. ಜಾವಗಲ್ಲಿನ ಆ ಸಂಜೆಯಿಂದ ಈಚಿನ ಒಂದು ಕಾಗದದಲ್ಲೂ ಅವಳು ನನ್ನನ್ನು ಏನನ್ನೂ ಕೇಳಿಲ್ಲ. ಹೇಗಿದ್ದೀಯ ಎಂದು ಕೂಡ ಇಲ್ಲ. ‘ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ’ ಎಂದು ಬರೆಯುತ್ತಿದ್ದಳು.

ಕೇಳದೆ ಒಂದು ದಿನ ಇರುವವಳಲ್ಲ ಅವಳು. ಮೂವತ್ತು ವರ್ಷ ಇನ್ಯಾರನ್ನೋ ಕೇಳಿರಬೇಕು. ಅದು ಯಾರೇ ಆಗಿರಲಿ, ಈ ವಯಸ್ಸಿನಲ್ಲೂ ಅವರನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.